ಒಂದೇ ಸಾಲು ಬರೆದು ನನ್ನ ಪುಲ್ ರಿಕ್ವೆಸ್ಟ್ (ಕೋಡಿನ ತಿದ್ದುಪಡಿ ಸೇರಿಸಿಕೊಳ್ಳಿ ಅನ್ನೋ ಕೋರಿಕೆ) ಮುಚ್ಚಿದರು. ಪ್ರಾಜೆಕ್ಟ್ ಬಿಡಲಾ? ಅನುಭವ ಹೇಳಿ

ಹೊಸಬ:
ದಿನಾಂಕದ ಒಂದು ಓಪನ್ ಸೋರ್ಸ್ ಲೈಬ್ರರಿ (ಬೇರೆ ಪ್ರೋಗ್ರಾಮ್‌ಗಳು ಬಳಸೋ, ಯಾರಾದರೂ ತಿದ್ದುಪಡಿ ಕಳಿಸಬಹುದಾದ ಕೋಡ್) ಫೆಬ್ರವರಿ 29ನ್ನು ಮಾರ್ಚ್ 1 ಅಂತ ತೋರಿಸ್ತಿತ್ತು. ಸರಿಮಾಡಿ ಕಳಿಸಿದೆ. ಅದನ್ನ ನೋಡ್ಕೊಳ್ಳೋ ಮೇಂಟೇನರ್ "ಮೊದಲು ಓದ್ಕೊಂಡು ಬನ್ನಿ" ಅಂತ ಬರೆದು ಮುಚ್ಚಿದರು. ಏನು ಓದಬೇಕು ಅಂತ ಹೇಳಲಿಲ್ಲ. ಮತ್ತೆ ಕೇಳಲಾ, ಬಿಡಲಾ?

ಫೋರ್ಕ್ ಮಾಡಿದವ:
ನಾನು ಬಿಟ್ಟೆ, ಬಿಟ್ಟಿದ್ದೇ ಸರಿ. ಚಿತ್ರ ಚಿಕ್ಕದು ಮಾಡೋ ಲೈಬ್ರರಿಯಲ್ಲಿ ಮೆಮೊರಿ ಲೀಕ್ (ಬಳಸಿದ ಮೆಮೊರಿ ವಾಪಸ್ ಬಿಡದ ದೋಷ) ಹುಡುಕಿ ಪ್ಯಾಚ್ (ತಿದ್ದುಪಡಿ) ಹಾಕಿದ್ದೆ. ಟ್ಯಾಬ್ ತೆಗೆದು ಸ್ಪೇಸ್ ಹಾಕಿ ಅಂದ್ರು, ಹಾಕಿದೆ. ಟೆಸ್ಟ್ ಬರೀರಿ ಅಂದ್ರು, ಬರೆದೆ. ಕಮಿಟ್ (ದಾಖಲಿಸಿದ ಬದಲಾವಣೆ) ಚಿಕ್ಕ ಚಿಕ್ಕದಾಗಿ ಒಡೀರಿ ಅಂದ್ರು. ಒಡೆದ ಮೇಲೆ ಇನ್ನೊಬ್ಬರು ಬಂದು ಎಲ್ಲ ಸೇರಿಸಿ ಒಂದೇ ಮಾಡಿ ಅಂದ್ರು. ಅಷ್ಟರಲ್ಲಿ ಅದೇ ಫೈಲಲ್ಲಿ ಬೇರೆಯವರ ಬದಲಾವಣೆ ಜೊತೆ ಕಾನ್ಫ್ಲಿಕ್ಟ್, ರಾತ್ರಿ ಕೂತು ರೀಬೇಸ್ (ಹೊಸ ಕೋಡಿನ ಮೇಲೆ ನನ್ನದನ್ನ ಮತ್ತೆ ಕೂರಿಸೋದು). ಆಮೇಲೆ ಸಿಎಲ್‌ಎಗೆ (ಕೋಡಿನ ಹಕ್ಕಿನ ಬಗ್ಗೆ ಕೊಡುಗೆದಾರರು ಸಹಿ ಹಾಕೋ ಒಪ್ಪಂದ) ನನ್ನ ಕಂಪನಿ ಸಹಿ ಬೇಕು ಅಂತ ಬಂತು. ಲೀಗಲ್‌ನವರ ಹಿಂದೆ ವಾರಗಟ್ಟಲೆ ಅಲೆದು ತಂದೆ. ತಂದ ಮೇಲೆ ಯಾರ ಸುದ್ದಿಯೂ ಇಲ್ಲ. ಕೊನೆಗೆ ಬಾಟ್ ಬಂದು "ಚಟುವಟಿಕೆ ಇಲ್ಲ" ಅಂತ ಮುಚ್ಚಿತು. ಮುಂದಿನ ರಿಲೀಸ್ ತೆಗೆದು ನೋಡಿದ್ರೆ ಲೀಕ್ ಹೋಗಿದೆ! ನನ್ನ ಟೆಸ್ಟ್, ವೇರಿಯಬಲ್ ಹೆಸರೂ ಬದಲಾಗದೆ ಅಲ್ಲಿದೆ, ಕಮಿಟ್ ಅವರ ಹೆಸರಲ್ಲಿ. ಕೋ-ಆಥರ್ಡ್-ಬೈ (ಜೊತೆಗೆ ಬರೆದವರು) ಅನ್ನೋ ಒಂದು ಸಾಲು ಸೇರಿಸೋಕೆ ಎಷ್ಟು ಹೊತ್ತು ಬೇಕು? ಈಗ ನನ್ನದೇ ಫೋರ್ಕ್ (ಕೋಡಿನ ನಕಲು ತಗೊಂಡು ಬೇರೆಯಾಗಿ ನಡೆಸೋದು) ಇದೆ, ಯಾರನ್ನೂ ಅಂಗಲಾಚಬೇಕಿಲ್ಲ.

ಒಂಟಿ ಮೇಂಟೇನರ್:
ಈ ಕಡೆ ಕೂತವರ ಪಾಡೂ ಕೇಳಿ. ನನ್ನ ಲೈಬ್ರರಿ ನಡೆಯೋದು ಕೆಲಸ ಮುಗಿಸಿ ಮಗು ಮಲಗಿದ ಮೇಲೆ. ಅದನ್ನೇ ಬಳಸಿ ದುಡಿಯೋ ಕಂಪನಿಯವರು "ನಮ್ಮ ಪ್ರೊಡಕ್ಷನ್ ನಿಂತಿದೆ, ಇವತ್ತೇ ಬೇಕು" ಅಂತ ಗದರಿಸ್ತಾರೆ. 2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆ ಅನ್ನೋ ಜಾವಾ ಲೈಬ್ರರಿಯ ಭದ್ರತಾ ತೂತು ಮುಚ್ಚೋಕೆ ನಿದ್ದೆಗೆಟ್ಟವರು ಸ್ವಯಂಸೇವಕರು, ಬೈಗುಳವೂ ಅವರಿಗೇ. ಫೈಲ್ ಕುಗ್ಗಿಸೋ ಎಕ್ಸ್‌ಝಡ್ ಪ್ರಾಜೆಕ್ಟ್ ನೋಡಿ. ಮಾನಸಿಕ ಆರೋಗ್ಯ ಸರಿಯಿಲ್ಲ, ಇದು ಸಂಬಳವಿಲ್ಲದ ಹವ್ಯಾಸ ಅಂತ ಮೇಂಟೇನರ್ 2022ರಲ್ಲೇ ಬರೆದುಕೊಂಡರು. ಆದರೂ ಬೇರೆಯವರಿಗೆ ಒಪ್ಪಿಸು ಅಂತ ಒತ್ತಾಯ. ಸಹಾಯಕ್ಕೆ ಅಂತ ಬಂದವನೇ ಆವೃತ್ತಿ 5.6.0, 5.6.1ರಲ್ಲಿ ಹಿಂಬಾಗಿಲು (ಗುಟ್ಟಾಗಿ ಒಳನುಗ್ಗೋ ದಾರಿ) ಇಟ್ಟ. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಅನ್ನೋ ಎಂಜಿನಿಯರ್, ಎಸ್‌ಎಸ್‌ಎಚ್ (ದೂರದ ಕಂಪ್ಯೂಟರ್ ಒಳಹೋಗೋ ವಿಧಾನ) ಲಾಗಿನ್ ಅರ್ಧ ಸೆಕೆಂಡ್ ತಡವಾಗ್ತಿದೆ ಅಂತ ಬೆನ್ನುಹತ್ತಿದ್ದಕ್ಕೆ ಸಿಕ್ಕಿಬಿತ್ತು. ನಾನು ಒಂದೇ ಸಾಲಿನ ಉತ್ತರ ಕೊಟ್ರೆ ಅದು ಅಹಂಕಾರ ಅಲ್ಲ, ದಣಿವು.

ಫೋರ್ಕ್ ಮಾಡಿದವ:
ಎಕ್ಸ್‌ಝಡ್‌ಗೂ ನನ್ನ ಟೆಸ್ಟ್ ಎತ್ತಿಕೊಂಡಿದ್ದಕ್ಕೂ ಏನು ಸಂಬಂಧ? ಬರೋ ಹೊಸಬರೆಲ್ಲ ಕಳ್ಳರಾ?

ಒಂಟಿ ಮೇಂಟೇನರ್:
ಕಳ್ಳರು ಅಂತ ನಾನೆಲ್ಲಿ ಅಂದೆ? ಇನ್ನೊಮ್ಮೆ ಓದಿ.

ದಾಖಲೆ ಬರೆಯುವವಳು:
ನೀವಿಬ್ಬರೂ ಕೋಡ್ ಬಿಟ್ಟು ಬೇರೇನೂ ಮಾತಾಡ್ತಿಲ್ಲ. ಒಂದು ಪ್ರಾಜೆಕ್ಟಿನ ಇನ್‌ಸ್ಟಾಲ್ ಮಾಡೋ ಪುಟಗಳನ್ನ ಪೂರ್ತಿ ತಿದ್ದಿ ಬರೆದವಳು ನಾನು. ಹೊಸ ಆವೃತ್ತಿ ಬಂದಾಗಲೆಲ್ಲ ಪ್ರತಿ ಕಮಾಂಡ್ ಖಾಲಿ ಮೆಷಿನ್‌ನಲ್ಲಿ ಓಡಿಸಿ ನೋಡ್ತಿದ್ದೆ. ಕೊಡುಗೆದಾರರ ಪಟ್ಟಿ ಬಂದಾಗ ಹೆಸರಿಲ್ಲ, ಕಾರಣ ದಾಖಲೆಗಳು ಬೇರೆ ರಿಪೊಸಿಟರಿಯಲ್ಲಿ (ಪ್ರಾಜೆಕ್ಟಿನ ಫೈಲುಗಳನ್ನ ಇಡೋ ಜಾಗ) ಇದ್ವಂತೆ. ಕೇಳಿದ್ದಕ್ಕೆ "ಅದು ಕೊಡುಗೆ ಹೌದೋ ಅಲ್ವೋ ಚರ್ಚಿಸಬೇಕು" ಅಂದ್ರು. ಆದ್ರೂ ನಾನು ಬಿಡಲಿಲ್ಲ, ಪಟ್ಟಿಯ ಸ್ಕ್ರಿಪ್ಟ್‌ಗೇ ಪ್ಯಾಚ್ ಕಳಿಸಿ ಎರಡೂ ರಿಪೊಸಿಟರಿ ಎಣಿಸೋ ಹಾಗೆ ಮಾಡಿಸಿದೆ. ದಣಿವು ಅಂತೀರಲ್ಲ ಸರ್, ಲಿನಕ್ಸ್ ಶುರುಮಾಡಿದ ಲಿನಸ್ ಟೊರ್ವಾಲ್ಡ್ಸ್ 2018ರ ಸೆಪ್ಟೆಂಬರ್‌ನಲ್ಲಿ ತಮ್ಮ ಮೇಲ್‌ಗಳ ಒರಟುತನಕ್ಕೆ ಎಲ್ಲರೆದುರು ಕ್ಷಮೆ ಕೇಳಿದರು, ಅದೇ ಹೊತ್ತಿಗೆ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ನಡವಳಿಕೆ ಸಂಹಿತೆಯೂ ಬಂತು. ಅವರಿಗಿಂತ ಹೆಚ್ಚು ಪ್ಯಾಚ್ ನಿಮಗೆ ಬರುತ್ತಾ?

ಒಂಟಿ ಮೇಂಟೇನರ್:
ಲಿನಸ್‌ಗೆ ಆ ಕೆಲಸಕ್ಕೇ ಸಂಬಳ ಬರುತ್ತೆ ಮೇಡಂ. ನನಗೆ ಯಾರು ಕೊಡ್ತಾರೆ?

ಸಹಿ ಪಕ್ಷ:
ಮೇಲೆ ಸಿಎಲ್‌ಎ ಬೈದಿದ್ದು ತಪ್ಪು. ಹಕ್ಕು ಸ್ಪಷ್ಟ ಇಲ್ಲದ ಕೋಡ್ ತಗೊಂಡು, ನಾಳೆ ಲೈಸೆನ್ಸ್ ಬದಲಿಸಬೇಕು ಅಂದ್ರೆ ಪ್ರತಿಯೊಬ್ಬರನ್ನೂ ಹುಡುಕಿಕೊಂಡು ಹೋಗಬೇಕು. ನಾವು ಹೋಗಿದ್ದೀವಿ. ಅರ್ಧ ಜನರ ಇಮೇಲ್ ಸತ್ತಿತ್ತು, ಅವರ ಕೋಡನ್ನೆಲ್ಲ ಕಿತ್ತು ಹೊಸದಾಗಿ ಬರೆದ್ವಿ.

ಫೋರ್ಕ್ ಮಾಡಿದವ:
ಕರ್ನಲ್ 2004ರಿಂದ ಸೈನ್ಡ್-ಆಫ್-ಬೈ (ಈ ಕೋಡ್ ಕೊಡೋ ಹಕ್ಕು ನನಗಿದೆ ಅನ್ನೋ) ಸಾಲಿನಲ್ಲೇ ನಡೀತಿದೆ, ಸಿಎಲ್‌ಎ ಇಲ್ಲ. ಲೈಸೆನ್ಸ್ ಬದಲಿಸೋ ಅಧಿಕಾರ ನಿಮ್ಮ ಕೈಗೆ ಕೊಡೋಕೆ ನಾನು ಯಾಕೆ ಸಹಿ ಹಾಕಲಿ?

ಹೊಸಬ:
ಕಾಂಟ್ರಿಬ್ಯೂಟಿಂಗ್ ಫೈಲಿನ (ತಿದ್ದುಪಡಿ ಹೇಗೆ ಕಳಿಸಬೇಕು ಅಂತ ಹೇಳೋ ಫೈಲ್) ಯಾವ ಭಾಗ ಓದಬೇಕು ಅಂತ ಅಲ್ಲೇ ಕೇಳಿದ್ದೀನಿ. ಇನ್ನೂ ಉತ್ತರ ಬಂದಿಲ್ಲ.

ಸಹಿ ಪಕ್ಷ:
ಅಧಿಕಾರದ ಮಾತಲ್ಲ ಅದು. ನಿಮ್ಮ ಫೋರ್ಕ್‌ಗೆ ಬೇರೆಯವರು ಪ್ಯಾಚ್ ಕಳಿಸಿದ್ರೆ ಏನು ಬರೆಸ್ಕೊಳ್ತೀರಿ, ಅದನ್ನ ಹೇಳಿ.