ಪದಚರ್ಚೆ: ಕಿಲ್‌ಪೆಕ್ ಚರ್ಚಿನ ಭಾಗಗಳಿಗೆ ಗುಡಿಯ ಪದಗಳು ಎಷ್ಟರಮಟ್ಟಿಗೆ ಸಲ್ಲುತ್ತವೆ?

ಮಾನ್ಯರೇ,

ಇಂಗ್ಲೆಂಡಿನ ಹೆರೆಫರ್ಡ್‌ಷೈರ್ ಸೀಮೆಯಲ್ಲಿ, ವೇಲ್ಸ್ ಗಡಿಗೆ ಸಮೀಪದ ಕಿಲ್‌ಪೆಕ್ ಎಂಬ ಹಳ್ಳಿಯಲ್ಲಿರುವ ಸಂತ ಮೇರಿ ಮತ್ತು ಸಂತ ಡೇವಿಡರ ಪ್ಯಾರಿಷ್ ಚರ್ಚಿನ ವಾಸ್ತುವನ್ನು ಕುರಿತು ಕನ್ನಡದಲ್ಲಿ ಒಂದು ಲೇಖನ ಸಿದ್ಧಪಡಿಸುತ್ತಿದ್ದೇನೆ. ಕೆಂಪು ಮರಳುಗಲ್ಲಿನ ಈ ಸಣ್ಣ ಕಟ್ಟಡ ಸುಮಾರು 1140ರದ್ದು. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ, ಆದ್ದರಿಂದ ಎರಡೂ ಹೆಚ್ಚುಕಡಿಮೆ ಒಂದೇ ಕಾಲದ ಕೆಲಸಗಳು. ನೇವ್ (ಜನರು ಸೇರುವ ಭಾಗ), ಚಾನ್ಸೆಲ್ (ಅದರಾಚೆಯ ಪಾದ್ರಿಯ ಭಾಗ), ಆಪ್ಸ್ (ಪೂರ್ವ ತುದಿಯ ದುಂಡನೆಯ ಭಾಗ), ಟಿಂಪನಮ್, ಕಾರ್ಬೆಲ್ ಎಂಬ ಐದು ಪದಗಳಿಗೆ ಕನ್ನಡದಲ್ಲಿ ಏನು ಬರೆಯಬೇಕೆಂಬುದು ನನ್ನ ಪ್ರಶ್ನೆ. ನನಗೆ ಹೊಳೆದದ್ದನ್ನು ಕಾರಣಸಹಿತ ಮುಂದಿಡುತ್ತೇನೆ, ಬಲ್ಲವರು ತಿದ್ದಬೇಕು.

ನೇವ್ ಭಾಗಕ್ಕೆ ನವರಂಗ, ಚಾನ್ಸೆಲ್‌ಗೆ ಸುಕನಾಸಿ, ಆಪ್ಸ್‌ಗೆ ಗರ್ಭಗುಡಿ ಎಂದು ಸಾಲಾಗಿ ಹೊಂದಿಸಿಬಿಡುವುದು ಸುಲಭ. ಕಿಲ್‌ಪೆಕ್‌ನ ನಕ್ಷೆಯನ್ನಷ್ಟೇ ನೋಡಿದವರಿಗೆ ಅದು ಸರಿಯೆಂದೇ ತೋರೀತು, ಏಕೆಂದರೆ ಅಲ್ಲಿಯೂ ಮೂರು ಭಾಗಗಳು ಪಶ್ಚಿಮದಿಂದ ಪೂರ್ವಕ್ಕೆ ಒಂದರ ಹಿಂದೊಂದು ಕಿರಿದಾಗುತ್ತ ಹೋಗುತ್ತವೆ. ಆದರೆ ನವರಂಗವೆಂದರೆ ಕಂಬಗಳು ಹಂಚಿಕೊಟ್ಟ ಒಂಬತ್ತು ಅಂಕಣಗಳ ಮಂಟಪ. ಕಿಲ್‌ಪೆಕ್‌ನ ನೇವ್‌ನಲ್ಲಿ ಒಂದು ಕಂಬವೂ ಇಲ್ಲ, ಎಡಬಲದ ಪಕ್ಕಸಾಲೆಗಳೂ ಇಲ್ಲ, ನಾಲ್ಕು ಗೋಡೆಗಳ ನಡುವಿನ ಒಂದು ಉದ್ದನೆಯ ಕೋಣೆ ಅಷ್ಟೆ. ಒಳಬರುವ ಮುಖ್ಯ ಬಾಗಿಲೂ ನಮ್ಮ ಗುಡಿಗಳಲ್ಲಿರುವಂತೆ ಪೀಠಕ್ಕೆ ಎದುರಾಗಿಲ್ಲ, ದಕ್ಷಿಣದ ಗೋಡೆಯಲ್ಲಿದೆ. ಇದಕ್ಕೆ ನಾನು ಸೂಚಿಸುವ ಪದ 'ಹಜಾರ'. ಮನೆಯ ಪದವಾಯಿತು, ಗಾಂಭೀರ್ಯ ಸಾಲದು ಎಂದು ಕೆಲವರು ಆಕ್ಷೇಪಿಸಬಹುದು. ಆದರೆ ಮಧ್ಯಯುಗದ ಬಹುಕಾಲ ಹಳ್ಳಿಯ ಚರ್ಚುಗಳ ನೇವ್‌ನಲ್ಲಿ ಕದಲದ ಬೆಂಚುಗಳ ಸಾಲು ಇರುತ್ತಿರಲಿಲ್ಲ, ಊರವರ ಸಭೆಗಳೂ ಚರ್ಚಿನ ಖರ್ಚಿಗೆ ಹಣ ಕೂಡಿಸಲು ಬಿಯರು ಮಾರುವ ಹಬ್ಬದೂಟಗಳೂ ಅಲ್ಲಿಯೇ ನಡೆಯುವುದುಂಟಾಗಿತ್ತು. ಹೀಗಿರುವಾಗ ಹಜಾರ ಎಂಬ ಪದ ಆ ಜಾಗದ ಘನತೆಯನ್ನು ತಗ್ಗಿಸುವುದಿಲ್ಲ, ಅದರ ಬಳಕೆಯನ್ನೇ ಹೇಳುತ್ತದೆ.

ಚಾನ್ಸೆಲ್ ಕಷ್ಟದ ಪದ. ಜಾಲಂಧ್ರದಂಥ ತಡಿಕೆ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಅದು ಬಂದಿದೆ. ಜನರು ನಿಲ್ಲುವ ಜಾಗವನ್ನೂ ಪಾದ್ರಿಯ ಜಾಗವನ್ನೂ ಬೇರ್ಪಡಿಸುವ ತಡಿಕೆಯೇ ಆಚೆಯ ಭಾಗಕ್ಕೆ ಹೆಸರಾಗಿ ನಿಂತಿತು. ಈ ಬೇರ್ಪಡೆ ಕೇವಲ ಪೂಜಾವಿಧಿಯದಲ್ಲ. ಮಧ್ಯಯುಗದ ಇಂಗ್ಲೆಂಡಿನಲ್ಲಿ ನೇವ್ ಭಾಗದ ದುರಸ್ತಿ ಊರ ಜನರ ಹೊಣೆಯಾಗಿದ್ದರೆ ಚಾನ್ಸೆಲ್‌ನ ದುರಸ್ತಿ ರೆಕ್ಟರನ, ಎಂದರೆ ಆ ಚರ್ಚಿನ ಆದಾಯದ ಹಕ್ಕುಳ್ಳವನ, ಹೊಣೆಯಾಗಿತ್ತು. ಹಲವು ಹಳ್ಳಿ ಚರ್ಚುಗಳಲ್ಲಿ ಎರಡು ಭಾಗಗಳು ಬೇರೆ ಬೇರೆ ಕಾಲದವಾಗಿ, ಬೇರೆ ಬೇರೆ ಎತ್ತರದವಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ಸುಕನಾಸಿಗೆ ಇಂಥ ಪಾಲುಪತ್ತಿನ ಅರ್ಥವಿಲ್ಲ. ಕನ್ನಡ ಕ್ಯಾಥೊಲಿಕರಲ್ಲಿ ಬಲಿಪೀಠ, ಪೀಠ ಎಂಬ ಮಾತುಗಳು ಬಳಕೆಯಲ್ಲಿರುವುದರಿಂದ 'ಪೀಠದ ಅಂಕಣ' ಎಂದು ಬರೆಯೋಣವೆಂದುಕೊಂಡಿದ್ದೇನೆ. ಕಿಲ್‌ಪೆಕ್‌ನಲ್ಲಿ ಹಜಾರಕ್ಕೂ ಪೀಠದ ಅಂಕಣಕ್ಕೂ ನಡುವೆ ಒಂದು ಕಮಾನು ಇದ್ದು, ಅದರ ಎರಡೂ ಬದಿಯ ಕಂಬಗಳಲ್ಲಿ ಮೂರು ಮೂರು ಸಂತರು ಒಬ್ಬರ ತಲೆಯ ಮೇಲೊಬ್ಬರಂತೆ ನಿಂತಿದ್ದಾರೆ.

ಆಪ್ಸ್ ವಿಷಯದಲ್ಲಿ ಗರ್ಭಗುಡಿ ಬೇಡ, ಗಜಪೃಷ್ಠ ಇರಲಿ ಎಂಬುದು ನನ್ನ ಅಭಿಪ್ರಾಯ. ಗರ್ಭಗುಡಿ ಮೂರ್ತಿಯ ಮನೆ; ಇಲ್ಲಿ ಅಂಥ ಮೂಲಮೂರ್ತಿಯ ಕಲ್ಪನೆಯೇ ಇಲ್ಲ. ಐಹೊಳೆಯ ದುರ್ಗ ಗುಡಿಯ ಹಿಂಬದಿಯ ದುಂಡನೆಯ ರೂಪವನ್ನು ನಾವು ಗಜಪೃಷ್ಠವೆಂದು ಕರೆಯುತ್ತಲೇ ಬಂದಿದ್ದೇವೆ, ಆ ಪದ ಆಕಾರವನ್ನು ಹೇಳುತ್ತದೆಯೇ ಹೊರತು ಒಳಗೆ ಯಾರಿದ್ದಾರೆಂಬುದನ್ನಲ್ಲ. ಒಟ್ಟಿನಲ್ಲಿ, ಆಕಾರವನ್ನೋ ಕಲ್ಲಿನ ಕೆಲಸವನ್ನೋ ಹೇಳುವ ಗುಡಿಯ ಪದಗಳನ್ನು ಧಾರಾಳವಾಗಿ ತರಬಹುದು, ಆದರೆ ಆರಾಧನೆಯ ಕ್ರಮವನ್ನು ಹೇಳುವ ಪದಗಳನ್ನು ತರಬಾರದು.

ಇದೇ ಅಳತೆಗೋಲಿನಿಂದ ದಕ್ಷಿಣದ ಬಾಗಿಲಿಗೆ ನಮ್ಮ ಪದಗಳು ಚೆನ್ನಾಗಿ ಒದಗುತ್ತವೆ. ಬಾಗಿಲುವಾಡದ ಎರಡೂ ಬದಿಗಳಲ್ಲಿ ಮೆಟ್ಟಿಲುಮೆಟ್ಟಿಲಾಗಿ ಒಳಸರಿಯುವ ಕೆತ್ತನೆಯ ಪಟ್ಟಿಗಳನ್ನು ಶಾಖೆಗಳೆಂದು ಕರೆಯಲು ಅಡ್ಡಿಯಿಲ್ಲ. ಅವು ಮೇಲೆ ಕಮಾನಾಗಿ ಬಾಗಿ ಮುಂದುವರಿಯುತ್ತವೆ ಎಂಬುದನ್ನು ಮಾತ್ರ ಸೇರಿಸಬೇಕು. ಹೊರಗಿನ ಕಂಬಗಳಲ್ಲಿ ಹಾವುಗಳು ಹೆಣೆದುಕೊಂಡಿವೆ, ಬಲಗಡೆಯ ಬೋದಿಗೆಯೊಂದರಲ್ಲಿ ಬಾಯಿಂದ ಬಳ್ಳಿ ಹೊರಡುವ ಮುಖವಿದೆ. ಕಮಾನಿನ ಕೆಳಗಿನ ಅರ್ಧವೃತ್ತಾಕಾರದ ಕಲ್ಲೇ ಟಿಂಪನಮ್, ಅದರ ಮೇಲೆ ಬಳ್ಳಿಯಂತೆ ಹರಡಿದ ಒಂದು ಮರವನ್ನು ಕಂಡರಿಸಿದ್ದಾರೆ. ಗುಡಿಯ ಬಾಗಿಲ ಮೇಲ್ಪಟ್ಟಿಯ ನಡುವಿನ ಮೂರ್ತಿಗೆ ಹೇಳುವ ಲಲಾಟಬಿಂಬ ಎಂಬ ಪದದಲ್ಲಿ ಬಿಂಬವನ್ನು ಬಿಟ್ಟು 'ಲಲಾಟಫಲಕ' ಎಂದರೆ ಹೊಂದುತ್ತದೆಂದು ತೋರುತ್ತದೆ.

ಕಾರ್ಬೆಲ್‌ಗೆ ಮಾತ್ರ ನನಗೆ ತೃಪ್ತಿಯಾಗುವ ಪದ ಸಿಕ್ಕಿಲ್ಲ. ಕಟ್ಟಡದ ಸುತ್ತ ಸೂರಿನ ಕೆಳಗೆ ಗೋಡೆಯಿಂದ ಹೊರಚಾಚಿರುವ ಈ ಕಲ್ಲುಗಳು ಮೊದಲು 91 ಇದ್ದವೆಂದೂ ಈಗ 85 ಉಳಿದಿವೆಯೆಂದೂ ಹೇಳುತ್ತಾರೆ. ಒಂದರಲ್ಲಿ ನಾಯಿ ಮತ್ತು ಮೊಲ ಅಕ್ಕಪಕ್ಕದಲ್ಲಿ ಇಣುಕುತ್ತವೆ, ಇನ್ನೊಂದರಲ್ಲಿ ಎರಡೂ ಕೈಗಳಿಂದ ತನ್ನ ಯೋನಿಯನ್ನು ಅಗಲಿಸಿ ತೋರುವ ಹೆಂಗಸಿದ್ದಾಳೆ. ಶೀಲಾ-ನ-ಗಿಗ್ ಎಂಬ ಈ ಬಗೆಯ ಶಿಲ್ಪಕ್ಕೆ ನಮ್ಮವರು ಥಟ್ಟನೆ ಲಜ್ಜಾಗೌರಿ ಎಂದುಬಿಡುವ ಅಪಾಯವಿದೆ. ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿರುವ, ನಾಗನಾಥಕೊಳ್ಳದಿಂದ ಬಂದ ಲಜ್ಜಾಗೌರಿಗೆ ತಲೆಯ ಜಾಗದಲ್ಲಿ ತಾವರೆಯಿದೆ, ಆಕೆ ಸಂತಾನ ಸಮೃದ್ಧಿಗಳ ದೇವತೆ. ಕಿಲ್‌ಪೆಕ್‌ನವಳಿಗೆ ದೊಡ್ಡ ಕಣ್ಣುಗಳ ದೊಡ್ಡ ಮುಖವೇ ಇದೆ, ಅವಳು ಕಾಮದ ವಿರುದ್ಧ ಎಚ್ಚರಿಕೆಯೋ ಕೇಡನ್ನು ತಡೆಯುವ ಕಾವಲೋ ಎಂಬ ವಾದ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ. ಆದ್ದರಿಂದ ಅವಳ ಹೆಸರನ್ನು ಹಾಗೆಯೇ ಉಳಿಸಿಕೊಳ್ಳುತ್ತೇನೆ.

ಕಾರ್ಬೆಲ್ ಎಂಬ ಕಲ್ಲಿಗೇ ಬಂದರೆ, ಮದನಿಕೆಯನ್ನು ನೆನೆದು ಕೆಲವರು 'ಬ್ರಾಕೆಟ್ ಶಿಲ್ಪ' ಎನ್ನುತ್ತಾರೆ. ಆದರೆ ಬೇಲೂರಿನ ಮದನಿಕೆ ಕಂಬಕ್ಕೂ ಸೂರಿಗೂ ನಡುವೆ ಓರೆಯಾಗಿ ನಿಂತವಳು. ಕಾರ್ಬೆಲ್‌ನ ಬುಡ ಗೋಡೆಯೊಳಗೆ ಹುದುಗಿದ್ದು ಅದು ಮೇಲಿನ ಕಲ್ಲಿನ ಸಾಲನ್ನು ಹೊರುತ್ತದೆ. 'ಚಾಚುಗಲ್ಲು' ಎಂದು ತಾತ್ಕಾಲಿಕವಾಗಿ ಬರೆದುಕೊಂಡಿದ್ದೇನೆ. ಕಲ್ಲುಕುಟಿಗರಲ್ಲಾಗಲಿ ಹಳೆಯ ವಾಡೆ, ಕೋಟೆಗಳ ಕೆಲಸ ಬಲ್ಲ ಗಾರೆಯವರಲ್ಲಾಗಲಿ, ಗೋಡೆಯಿಂದ ಹೊರಬಂದು ಭಾರ ಹೊರುವ ಇಂಥ ಬಿಡಿಗಲ್ಲಿಗೆ ರೂಢಿಯ ಹೆಸರು ಇದ್ದರೆ, ಯಾವ ಊರಿನ ಬಳಕೆಯೆಂಬುದರೊಡನೆ ತಿಳಿಸಬೇಕೆಂದು ಕೋರುತ್ತೇನೆ.