ಕೆ10 ಚಾಸಿಗೆ ಕೆ30 ಆಕ್ಸಲ್: ಹಿಂದೆ ಡ್ರಮ್ ಇರಲಾ, ಡಿಸ್ಕ್ ಹಾಕಲಾ?

ಪ್ರಶ್ನೆ (ಸ್ಕ್ವೇರ್‌ಬಾಡಿ79):
1979ರ ಶೆವ್ರೊಲೆ ಕೆ10 (ಅರ್ಧ ಟನ್ನಿನ ಫೋರ್ ವೀಲ್ ಡ್ರೈವ್ ಪಿಕಪ್), ಈಗ ಬರೀ ಫ್ರೇಮ್ ಸ್ಟ್ಯಾಂಡ್ ಮೇಲಿದೆ. 37 ಇಂಚಿನ ಟೈರ್ ಹಾಕಬೇಕು, ಅರ್ಧ ಟನ್ನಿನ ಆಕ್ಸಲ್ ತಡೆಯುವುದಿಲ್ಲ ಅಂತ ಎರಡನ್ನೂ ಇಳಿಸಿದ್ದೇನೆ. ಅದರ ಬದಲು ಹಳೇ ಕೆ30 (ಒಂದು ಟನ್ನಿನ ಟ್ರಕ್) ಒಂದರ ಡಾನಾ 60 ಆಕ್ಸಲ್ ಮುಂದಕ್ಕೆ, 14 ಬೋಲ್ಟ್ ಫುಲ್ ಫ್ಲೋಟಿಂಗ್ (ಟ್ರಕ್ಕಿನ ಭಾರವನ್ನು ಒಳಗಿನ ಶಾಫ್ಟ್ ಅಲ್ಲ, ಹೊರಗಿನ ಟ್ಯೂಬ್ ಹೊರುವ ಆಕ್ಸಲ್) ಹಿಂದಕ್ಕೆ. ಹಿಂದಿನ 13 ಇಂಚಿನ ಡ್ರಮ್ ವಿಪರೀತ ಭಾರ, ಕೆಸರು ನೀರು ಹೊಕ್ಕರೆ ಹಿಡಿಯುವುದೂ ಇಲ್ಲ. ಡಿಸ್ಕ್ ಹಾಕಿದರೆ ಹಳೇ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆ ತಳ್ಳುವುದು) ಸಾಕಾ? ಸ್ಪ್ರಿಂಗ್ ಪರ್ಚ್ (ಆಕ್ಸಲ್ ಮೇಲೆ ಸ್ಪ್ರಿಂಗ್ ಕೂರುವ ಪೀಠ) ಈಗಲೇ ವೆಲ್ಡ್ ಮಾಡಬಹುದಾ?

ಬ್ರೇಕ್‌ಲೈನ್:
ಡಿಸ್ಕ್ ಹಾಕಿ, ಆದರೆ ಮಾಸ್ಟರ್ ಸಮೇತ ಯೋಚಿಸಿ. ಡ್ರಮ್‌ಗೆ ಹೋಗುವ ಲೈನಿನಲ್ಲಿ ಸುಮಾರು 10 ಪಿಎಸ್‌ಐ ಹಿಡಿದಿಡುವ ರೆಸಿಡ್ಯುಯಲ್ ವಾಲ್ವ್ ಇದ್ದರೆ ತೆಗೆಯಲೇಬೇಕು, ಇಲ್ಲದಿದ್ದರೆ ಪೆಡಲ್ ಬಿಟ್ಟ ಮೇಲೂ ಪ್ಯಾಡ್ ರೋಟರ್‌ಗೆ ಉಜ್ಜುತ್ತಾ ಬಿಸಿಯಾಗುತ್ತದೆ. ದೊಡ್ಡ ಕ್ಯಾಲಿಪರ್‌ಗೆ ಬ್ರೇಕ್ ಎಣ್ಣೆ ಜಾಸ್ತಿ ಬೇಕು, ಮಾಸ್ಟರಿನ ಬೋರ್ (ಒಳವ್ಯಾಸ) ಸಣ್ಣದಾದರೆ ಪೆಡಲ್ ಕೆಳಗೆ ಹೋಗುತ್ತದೆ. ಸುಮ್ನೆ ಬೋರ್ ದೊಡ್ಡದು ಮಾಡಿದರೆ ಅದೇ ಕಾಲಿನ ಒತ್ತಡಕ್ಕೆ ಲೈನ್ ಪ್ರೆಶರ್ ಕಮ್ಮಿ, ಪೆಡಲ್ ಗಟ್ಟಿ. ಅದಕ್ಕೇ ತುಂಬಾ ಜನ ಪವರ್ ಸ್ಟೀರಿಂಗ್ ಪಂಪಿನಿಂದ ನಡೆಯುವ ಹೈಡ್ರೋಬೂಸ್ಟ್ (ಬ್ರೇಕ್ ಒತ್ತಲು ನೆರವಾಗುವ ಬೂಸ್ಟರ್) ಹಾಕುತ್ತಾರೆ. ಹಿಂದಿನ ಲೈನಿಗೆ ಅಡ್ಜಸ್ಟಬಲ್ ಪ್ರೊಪೋರ್ಷನಿಂಗ್ ವಾಲ್ವ್ (ಹಿಂದಿನ ಬ್ರೇಕ್ ಪ್ರೆಶರ್ ಹೆಚ್ಚುಕಮ್ಮಿ ಮಾಡುವುದು) ಇರಲಿ. ಹಿಂದಿನ ಪ್ರೆಶರ್ ಕಮ್ಮಿ ಇಟ್ಟು ಶುರು ಮಾಡಿ, ಖಾಲಿ ಜಾಗದಲ್ಲಿ ನೋಡುತ್ತಾ ಸ್ವಲ್ಪ ಸ್ವಲ್ಪವೇ ಏರಿಸಿ. ಹಿಂದಿನ ಚಕ್ರ ಮುಂದಿನದಕ್ಕಿಂತ ಮೊದಲು ಲಾಕ್ ಆದರೆ ಟ್ರಕ್ ತಿರುಗಿಬಿಡುತ್ತದೆ.

ಪಿನಿಯನ್ ಆಂಗಲ್:
ಪರ್ಚ್‌ಗೆ ಈಗ ಬರೀ ಟ್ಯಾಕ್ (ಹಿಡಿದಿಡುವಷ್ಟು ಸಣ್ಣ ಚುಕ್ಕೆ ವೆಲ್ಡ್). ಎಂಜಿನ್, ಗೇರ್‌ಬಾಕ್ಸ್, ಬಾಡಿ ಎಲ್ಲಾ ಕೂತು ಸ್ಪ್ರಿಂಗ್ ಮೇಲೆ ನಿಜವಾದ ಭಾರ ಬಿದ್ದ ಮೇಲೆ ಕೋನ ಅಳೆಯಿರಿ. ಡ್ರೈವ್‌ಶಾಫ್ಟಿನ ಎರಡು ತುದಿಗೂ ಮಾಮೂಲಿ ಯು-ಜಾಯಿಂಟ್ (ಬಾಗಿದರೂ ತಿರುಗುವ ಕೀಲು) ಆದರೆ ಪಿನಿಯನ್ (ಶಾಫ್ಟ್ ಬಂದು ಸೇರುವ ಆಕ್ಸಲಿನ ಗೇರ್), ಟ್ರಾನ್ಸ್‌ಫರ್ ಕೇಸ್ (ಮುಂದೆ ಹಿಂದೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಔಟ್‌ಪುಟ್ ಸಮಾನಾಂತರ ಇರಬೇಕು. ಮೇಲಿನ ತುದಿಗೆ ಡಬಲ್ ಕಾರ್ಡನ್ (ಎರಡು ಯು-ಜಾಯಿಂಟ್ ಜೋಡಿಸಿದ್ದು) ಆದರೆ ಪಿನಿಯನ್ ಅದರತ್ತ ನೋಡಬೇಕು, ಒಂದೆರಡು ಡಿಗ್ರಿ ಕೆಳಗೆ ಬಿಟ್ಟರೆ ಎಳೆಯುವಾಗ ಆಕ್ಸಲ್ ತಿರುಚಿಕೊಂಡು ಪಿನಿಯನ್ ಮೇಲೆದ್ದು ಸರಿಹೋಗುತ್ತದೆ. ವೆಲ್ಡ್ ಅನ್ನು ತುಂಡು ತುಂಡಾಗಿ, ಜಾಗ ಬದಲಿಸುತ್ತಾ ಮಾಡಿ. ಒಂದೇ ಕಡೆ ಕಾಸಿದರೆ ಟ್ಯೂಬ್ ಬಗ್ಗುತ್ತದೆ.

ಇನ್ನೊಂದು, ಎರಡೂ ಆಕ್ಸಲ್ ಒಂದೇ ಟ್ರಕ್ಕಿನವು, ಗೇರ್ ಅನುಪಾತ ಒಂದೇ ಅಂತ ನಂಬಬೇಡಿ, ನಡುವೆ ಯಾರು ಏನು ಬದಲಿಸಿದ್ದಾರೋ. ಎರಡರದ್ದೂ ಕವರ್ ತೆಗೆದು ರಿಂಗ್ ಗೇರ್, ಪಿನಿಯನ್ ಹಲ್ಲು ಎಣಿಸಿ. 41 ಮತ್ತು 10 ಆದರೆ 4.10, 41 ಮತ್ತು 9 ಆದರೆ 4.56. ಹಿಂದೆ ಮುಂದೆ ಬೇರೆ ಇದ್ದರೆ ಫೋರ್ ವೀಲ್ ಹಾಕಿದ ಕೂಡಲೇ ಗೇರ್‌ಗಳು ಒಂದರ ಜೊತೆ ಇನ್ನೊಂದು ಹೋರಾಡುತ್ತವೆ.

ಸ್ಕ್ವೇರ್‌ಬಾಡಿ79:
ಎರಡೂ 4.56 ಬಂತು. ಡ್ರಮ್ ಹೋದರೆ ಹ್ಯಾಂಡ್‌ಬ್ರೇಕ್ ಕೂಡ ಹೋಗುತ್ತೆ ಅಲ್ವಾ, ಟ್ರಾನ್ಸ್‌ಫರ್ ಕೇಸ್ ಹಿಂದೆ ಡ್ರೈವ್‌ಶಾಫ್ಟ್ ಬ್ರೇಕ್ ಹಾಕಿದರೆ ಸಾಕಾ?

ಬ್ರೇಕ್‌ಲೈನ್:
ಅದು ಗಟ್ಟಿ ಹಿಡಿಯುತ್ತದೆ, ಆದರೆ ಶಾಫ್ಟ್ ಮೂಲಕ ಮಾತ್ರ. ಡಿಫರೆನ್ಶಿಯಲ್ ಓಪನ್ (ಎರಡು ಚಕ್ರ ಬೇರೆ ಬೇರೆಯಾಗಿ ತಿರುಗಲು ಬಿಡುವಂಥದ್ದು) ಇದ್ದು ಹಿಂದಿನ ಒಂದು ಚಕ್ರಕ್ಕೆ ಜ್ಯಾಕ್ ಕೊಟ್ಟರೆ ನೆಲದ ಮೇಲಿರುವ ಇನ್ನೊಂದು ಚಕ್ರ ಆರಾಮಾಗಿ ಉರುಳುತ್ತದೆ, ನೀವು ಅಡಿಯಲ್ಲಿರುತ್ತೀರಿ. ಯು-ಜಾಯಿಂಟ್ ಮುರಿದರೂ ಅಷ್ಟೇ. ಕ್ಯಾಡಿಲಾಕ್ ಎಲ್ಡೊರಾಡೊದ ಹಿಂದಿನ ಕ್ಯಾಲಿಪರ್‌ನಲ್ಲಿ ಹ್ಯಾಂಡ್‌ಬ್ರೇಕ್ ಲಿವರ್ ಸಮೇತ ಬರುತ್ತದೆ, ಬೇಕಾದ ಬ್ರಾಕೆಟ್ ಸುಲಭವಾಗಿ ಸಿಗುತ್ತವೆ. ಆ ಲಿವರ್ ಎಳೆದಾಗಲೇ ಒಳಗಿನ ಅಡ್ಜಸ್ಟರ್ ಮುಂದೆ ಹೋಗುವುದು, ಹಾಗಾಗಿ ಸಮತಟ್ಟು ಜಾಗದಲ್ಲಿ ನಿಲ್ಲಿಸಿದರೂ ಪ್ರತಿ ಸಲ ಹ್ಯಾಂಡ್‌ಬ್ರೇಕ್ ಎಳೆಯಿರಿ. ಬಿಟ್ಟರೆ ಪೆಡಲ್ ಉದ್ದವಾಗುತ್ತಾ ಹೋಗುತ್ತದೆ. ನಾನು ಇದನ್ನೇ ಹಾಕುತ್ತೇನೆ. ಕೇಬಲ್ ಅಳತೆಯನ್ನು ಆಕ್ಸಲ್ ಪೂರ್ತಿ ಕೆಳಗೆ ಜೋತಾಡುವಾಗ ತೆಗೆದುಕೊಳ್ಳಿ, ರಬ್ಬರ್ ಹೋಸ್‌ಗೂ ಅದೇ ಅಳತೆ.