ಸಹಾಯ ಬೇಕು: ಅಮ್ಮನ ಕಾಲುಗುರಿನ ಫಂಗಸ್‌ಗೆ ಮಾತ್ರೆಯೋ, ಹಚ್ಚುವ ಔಷಧಿಯೋ?

ಎಲ್ಲರಿಗೂ ನಮಸ್ಕಾರ. ಅಮ್ಮನ ಕಾಲಿನ ಹೆಬ್ಬೆರಳ ಉಗುರು ಹಳದಿಯಾಗಿ, ದಪ್ಪಗಾಗಿ ಪುಡಿಪುಡಿಯಾಗಿ ಉದುರುತ್ತಿದೆ. ಸೋರಿಯಾಸಿಸ್ ಅನ್ನೋ ಚರ್ಮದ ಕಾಯಿಲೆಯಲ್ಲೂ ಉಗುರು ಹೀಗೇ ಕಾಣಬಹುದು ಅಂತ ಡಾಕ್ಟರು ಮೊದಲು ಉಗುರಿನ ಚೂರನ್ನು ಲ್ಯಾಬಿಗೆ ಕಳಿಸಿದರು. ಫಂಗಸ್ ಅಂತಲೇ ಬಂತು. ಟರ್ಬಿನಾಫಿನ್ ಮಾತ್ರೆ 250 ಮಿ.ಗ್ರಾಂ, ದಿನಕ್ಕೊಂದು, 12 ವಾರ ಅಂದಿದ್ದಾರೆ. ಅದಕ್ಕೂ ಮುಂಚೆ ಲಿವರ್ ಟೆಸ್ಟ್.

ಮಾತ್ರೆಯಿಂದ ಲಿವರ್‌ಗೆ ಏನಾದರೂ ಆದೀತು ಅಂತ ಅಮ್ಮನಿಗೆ ಭಯ. ಶುಗರ್, ಬಿಪಿ ಮಾತ್ರೆಗಳೇ ಜಾಸ್ತಿಯಾಗಿವೆ, ವಾರಕ್ಕೊಮ್ಮೆ ಹಚ್ಚುವ ಅಮೊರಾಲ್ಫಿನ್ ಸಾಕಲ್ವಾ ಅನ್ನುತ್ತಾರೆ. ಆದರೆ ಸೋಂಕು ಉಗುರಿನ ಬುಡದವರೆಗೂ ಹೋಗಿದೆ, ಬರೀ ಹಚ್ಚಿದರೆ ಸಾಲದು ಅನ್ನೋ ಡಾಕ್ಟರ ಮಾತೇ ನನಗೆ ಸರಿ ಅನಿಸುತ್ತದೆ. ಶುಗರ್ ಇರುವವರ ಕಾಲು ಬೇರೆ, ಸುಮ್ನೆ ಬಿಡುವಂತಿಲ್ಲ.

ಶುಗರ್ ಇದ್ದೂ ಈ ಮಾತ್ರೆ ತೆಗೆದುಕೊಂಡವರು ಇದ್ದೀರಾ? ಹೊಟ್ಟೆ, ನಾಲಿಗೆ ರುಚಿ ಏನಾದರೂ ಕೆಟ್ಟಿತ್ತಾ? ಹೊಸ ಉಗುರು ಪೂರ್ತಿ ಬರಲು 12ರಿಂದ 18 ತಿಂಗಳು ಬೇಕಂತೆ. ಅಲ್ಲಿಯವರೆಗೆ ಮತ್ತೆ ಹರಡದಂತೆ ಸಾಕ್ಸ್, ಶೂ ಹೇಗೆ ನೋಡಿಕೊಂಡಿರಿ? ದಯವಿಟ್ಟು ತಿಳಿಸಿ.